ಗಿರಿಜಾಬಾಯಿಯವರ ಸಲಹಾ ಪೆಟ್ಟಿಗೆ

ಆ ಚೀಟಿ ಬರೆದವನು ನಾನೇ. ಅದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಇನ್ನು ಗಿರಿಜಾಬಾಯಿಯವರ ಸುದ್ದಿ.

ಬೇಗಂಪೇಟೆಯಲ್ಲಿದ್ದ ನಮ್ಮ ಪಂಪಿನ ಕಂಪನಿಯಲ್ಲಿ ಅವರು ಇಪ್ಪತ್ನಾಲ್ಕು ವರ್ಷಗಳಿಂದ ಟೈಪಿಸ್ಟು. ರಾಯಚೂರಿನಿಂದ ಮದುವೆಯಾಗಿ ಬಂದವರು. ಗಂಡ ತೀರಿಕೊಂಡ ಮೇಲೆ ಅಬಿಡ್ಸಿನ ಪುಸ್ತಕದಂಗಡಿಯೊಂದರ ಮಹಡಿಯ ಮೇಲೆ ಟೈಪಿಂಗ್ ಕಲಿತು, ಆ ಹತ್ತು ಬೆರಳುಗಳಿಂದಲೇ ಇಬ್ಬರು ಹೆಣ್ಣುಮಕ್ಕಳನ್ನು ದಡ ಸೇರಿಸಿದರು. ಬಾಯಿ ಮಾತ್ರ ಭಾರಿ ಜೋರು. ಗುಲಬರ್ಗಾದಿಂದ ಬಂದ ಹೊಸ ಗುಮಾಸ್ತನಾದ ನಾನೋ, ಕಾಗದ ಹರಿಯುವಂತೆ ಪೆನ್ನು ಒತ್ತಿ ಬರೆಯುವವನು. ಕರಡು ಒಯ್ದುಕೊಟ್ಟರೆ ಅದನ್ನು ತಿರುವಿ ಹಾಕಿ, ಹಾಳೆಯ ಬೆನ್ನಿಗೆ ಉಬ್ಬಿದ ಅಕ್ಷರಗಳ ಮೇಲೆ ಬೆರಳಾಡಿಸಿ ತೋರಿಸುತ್ತಿದ್ದರು.

"ಹಣಮಂತಾ, ಕಾಗದದ ಮ್ಯಾಲ ಏನ್ ಸಿಟ್ಟೋ ನಿಂದು? ನೋಡು, ಕಣ್ಣಿಲ್ಲದಾಂವ ಸೈತ ಮುಟ್ಟಿ ಓದಬೇಕು!"

ಹಾಗೆ ಬೈದವರೇ ಮಧ್ಯಾಹ್ನ ತಮ್ಮ ಡಬ್ಬಿಯ ಜೋಳದ ರೊಟ್ಟಿಯಲ್ಲಿ ಅರ್ಧ ಮುರಿದು ನನ್ನ ಮುಂದೆ ಇಡುತ್ತಿದ್ದರು.

ಎಂಬತ್ತಾರರಲ್ಲಿ ಕಂಪನಿಯನ್ನು ಮುಂಬಯಿಯವರು ಕೊಂಡರು. ಹೊಸ ಮ್ಯಾನೇಜರ್ ಬಂದ. ಇನ್ನು ಮೇಲೆ ಸಾಹೇಬ, ಜವಾನ ಎಂಬ ಭೇದವಿಲ್ಲ, ನಾವೆಲ್ಲ ಒಂದೇ ಮನೆಯವರು ಎಂದ. ದಿನಾ ಬೆಳಿಗ್ಗೆ ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ ಚಪ್ಪಾಳೆ ಹೊಡೆಸಿದ. ಹಸಿರು ಬಣ್ಣದ ಒಂದು ಸಲಹಾ ಪೆಟ್ಟಿಗೆ ಮಾಡಿಸಿ, ಮನಸ್ಸಿನಲ್ಲಿದ್ದುದನ್ನು ಬರೆದು ಹಾಕಿ, ಹೆಸರು ಬೇಕಿಲ್ಲ ಎಂದ. ಕೀಲಿಕೈಯನ್ನು ಗಿರಿಜಾಬಾಯಿಯವರಿಗೆ ಕೊಟ್ಟ.

ಎರಡು ವಾರ ಪೆಟ್ಟಿಗೆ ಖಾಲಿ. ನಮ್ಮ ಜನಕ್ಕೆ ಅಂಜಿಕೆ. ಆಗ ಮ್ಯಾನೇಜರ್ ಹೇಳಿದನೆಂದು ಬಾಯಿಯವರೇ ಟೇಬಲ್ಲಿನಿಂದ ಟೇಬಲ್ಲಿಗೆ ತಿರುಗಿದರು.

"ಬರೀರಪಾ. ಯಾರ ಹೆಸರೂ ಹೊರಗ ಬರಾಂಗಿಲ್ಲ. ನಂದು ಜವಾಬ್ದಾರಿ."

"ನೀವು ಅಂದಮ್ಯಾಲ ಆತ್ರಿ ಅಕ್ಕಾರ," ಎಂದು ಸ್ಟೋರಿನ ಬಂಡೆಪ್ಪ ಒಂದು ಫ್ಯಾನು ಬೇಕೆಂದು ಬರೆದು ಹಾಕಿದ. ಒಬ್ಬೊಬ್ಬರಾಗಿ ಉಳಿದವರೂ ಶುರುಮಾಡಿದರು.

ಅಷ್ಟರಲ್ಲಿ ಮೇ ತಿಂಗಳು. ಕೆಳಗಿನವರು ಬಂದು ತಣ್ಣೀರು ಖಾಲಿ ಮಾಡುತ್ತಾರೆಂದು ಮ್ಯಾನೇಜರ್ ಮೇಲಿನ ಮಹಡಿಯ ಕೂಲರಿಗೆ ಬೀಗ ಹಾಕಿಸಿದ. ನನಗೆ ತಲೆಕೆಟ್ಟು ಹೋಯಿತು. ಅಕ್ಷರದ ಗುರುತು ಸಿಗಬಾರದೆಂದು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬರೆದೆ: ಒಂದೇ ಮನೆ ಎಂದು ಚಪ್ಪಾಳೆ ಹೊಡೆಸುವ ಯಜಮಾನ ಕುಡಿಯುವ ನೀರಿಗೆ ಬೀಗ ಹಾಕಿದ್ದಾನೆ, ಈ ನಾಟಕ ಸಾಕು. ಪೆಟ್ಟಿಗೆಗೆ ಹಾಕಿ ಬಂದ ಮೇಲೆ ದಿನ ಎಣಿಸಿದೆ. ನನ್ನ ಪ್ರೊಬೇಷನ್ ಮುಗಿಯಲು ಇನ್ನು ಹದಿನೆಂಟೇ ದಿನ. ಕೆಲಸ ಖಾಯಂ ಆಗದಿದ್ದರೆ ಊರಿಗೆ ಹೋಗಿ ಮಾವನ ಕಿರಾಣಿ ಅಂಗಡಿಯಲ್ಲಿ ಮೆಣಸಿನಕಾಯಿ ತೂಗುವುದೇ ಗತಿ.

ಶನಿವಾರ ಬಾಯಿಯವರು ಪೆಟ್ಟಿಗೆ ತೆರೆದರು. ನನ್ನ ಚೀಟಿ ಓದಿದರು. ಆಮೇಲೆ ಅದನ್ನು ತಿರುವಿ ಹಾಕಿ, ಬೆನ್ನ ಮೇಲೆ ಬೆರಳಾಡಿಸಿದರು. ಅಯ್ಯೋ ಶಿವನೇ, ಗುರುತು ಸಿಕ್ಕಿಹೋಯಿತು! ತಲೆಯೆತ್ತಿ ನನ್ನನ್ನೊಮ್ಮೆ ನೋಡಿ, ಚೀಟಿಗಳನ್ನೆಲ್ಲ ಪಿನ್ನು ಹಾಕಿ ಮ್ಯಾನೇಜರನಿಗೆ ಕಳಿಸಿದರು. ಬರೆದದ್ದು ಬರೆದಂತೆಯೇ ಹೋಗಬೇಕು, ಅದು ಅವರ ಪದ್ಧತಿ. ಮಧ್ಯಾಹ್ನ ಎಂದಿನಂತೆ ರೊಟ್ಟಿ ಬಂತು.

"ಉಣ್ಣೋ. ಯಾಕ, ಮಾರಿ ಹಿಂಗ್ಯಾಕ ಆಗೈತಿ?"

ತಲೆ ಬಗ್ಗಿಸಿ ರೊಟ್ಟಿ ಮುರಿಯುತ್ತ ಕೂತೆ.

ಸೋಮವಾರ ಚಪ್ಪಾಳೆ ಮುಗಿದದ್ದೇ ಮ್ಯಾನೇಜರ್ ಅವರನ್ನು ಕೋಣೆಗೆ ಕರೆಸಿದ. ಬಾಗಿಲು ತೆರೆದೇ ಇತ್ತು, ಬೇಕೆಂದೇ ಇರಬೇಕು. ಚೀಟಿ ಅವನ ಕೈಯಲ್ಲಿತ್ತು. ಇಪ್ಪತ್ನಾಲ್ಕು ವರ್ಷ ಎಲ್ಲರ ಕೈಬರಹ ಓದಿದ್ದೀರಿ, ಇದು ಯಾರದೆಂದು ಗೊತ್ತಿಲ್ಲವೇ ಎಂದು ಹಿಂದಿಯಲ್ಲಿ ಕೇಳಿದ. ಗೊತ್ತಿಲ್ಲ ಎಂದಿದ್ದರೆ ಅಲ್ಲಿಗೆ ಮುಗಿದುಹೋಗುತ್ತಿತ್ತು. ಆ ಹೆಂಗಸಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ.

"ಮಾಲೂಮ್ ಹೈ ಸಾಬ್. ಬೋಲ್ತೀ ನೈ."

ಗೊತ್ತಿದೆಯಂತೆ, ಹೇಳುವುದಿಲ್ಲವಂತೆ! ಆಫೀಸಿನ ಟೈಪ್‌ರೈಟರುಗಳೆಲ್ಲ ನಿಂತವು. ಬುಧವಾರ ಸಂಜೆ ಐದರೊಳಗೆ ಹೆಸರು ಬರಬೇಕು, ಇಲ್ಲವಾದರೆ ನಿಮ್ಮ ಜಾಗದಲ್ಲಿ ಬೇರೆಯವರು ಕೂರುತ್ತಾರೆ ಎಂದ ಮ್ಯಾನೇಜರ್.

ಆ ಮೂರು ದಿನ ನಾನು ಹೇಗೆ ಕಳೆದೆನೋ ನನಗೇ ಗೊತ್ತು. ಕೋಣೆಯ ಬಾಗಿಲಿನವರೆಗೆ ನಾಲ್ಕು ಸಲ ಹೋದೆ. ಒಳಗೆ ಹೋಗಿ 'ನಾನು' ಎನ್ನಬೇಕು, ಅಷ್ಟೇ. ಪ್ರತಿಸಲವೂ ಮಾವನ ಅಂಗಡಿಯ ತಕ್ಕಡಿ ಕಣ್ಣ ಮುಂದೆ ಬಂತು, ನಾನು ಹಿಂದಿರುಗಿದೆ. ಥೂ, ನನ್ನ ಜನ್ಮಕ್ಕಿಷ್ಟು! ಬಾಯಿಯವರು ಮಾತ್ರ ತಲೆಬಗ್ಗಿಸಿ ಟೈಪು ಮಾಡುತ್ತಿದ್ದರು. ಎಂದೂ ತಪ್ಪು ಹೊಡೆಯದವರು ಒಂದೇ ಪತ್ರವನ್ನು ಮೂರು ಸಲ ಹರಿದು ಹಾಕಿದ್ದನ್ನು ಕಂಡೆ.

ಬುಧವಾರ ಐದು ಹೊಡೆಯಿತು. ಅವರು ಎದ್ದು ಹೋಗಿ ಪೆಟ್ಟಿಗೆಯ ಕೀಲಿಕೈಯನ್ನು ಮ್ಯಾನೇಜರನ ಮೇಜಿನ ಮೇಲಿಟ್ಟು ಬಂದರು.

ತಿಂಗಳ ಕೊನೆಗೆ ಅವರನ್ನು ಹಿಂದಿನ ಗೋದಾಮಿಗೆ ಹಾಕಿದರು. ತಗಡಿನ ಮಾಡಿನ ಕೆಳಗೆ ಪಾರ್ಸೆಲ್ಲುಗಳಿಗೆ ವಿಳಾಸದ ಚೀಟಿ ಅಂಟಿಸುವ ಕೆಲಸ. ಅಲ್ಲಿಗೆ ಹೋಗುವ ಮುಂಚೆ ಅವರು ಟೈಪು ಮಾಡಿದ ಕಾಗದಗಳಲ್ಲಿ ನನ್ನ ಖಾಯಂ ಆದೇಶವೂ ಒಂದು. ಒಂದಕ್ಷರ ತಪ್ಪಿರಲಿಲ್ಲ. ಹಸಿರು ಪೆಟ್ಟಿಗೆಗೆ ಮತ್ತೆ ಯಾರೂ ಏನೂ ಹಾಕಲಿಲ್ಲ.

ಎಂಟು ವರ್ಷ ಅವರು ಆ ತಗಡಿನ ಕೆಳಗೇ ಕಳೆದರು. ಮೊದಮೊದಲು ಊಟಕ್ಕೆ ಕರೆದು ಕಳಿಸುತ್ತಿದ್ದರು. ನಾನು ಮುಖ ತೋರಿಸಲಾರದೆ ಏನೇನೋ ನೆಪ ಹೇಳಿದೆ. ನಿವೃತ್ತಿಯ ದಿನ ಹೂಹಾರ ಹಿಡಿದು ಬಸ್‌ ನಿಲ್ದಾಣದಲ್ಲಿ ನಿಂತಿದ್ದ ಗಿರಿಜಾಬಾಯಿಯವರ ಬಳಿಗೆ ಹೋಗಿ, ಕೊನೆಗೂ ಬಾಯಿಬಿಟ್ಟೆ.

"ಅಕ್ಕಾರ, ಅವತ್ತಿನ ಆ ಚೀಟಿ ನಾನ ಬರದಿದ್ದೆರಿ."

"ಗೊತ್ತೈತೇಳೋ ಹುಚ್ಚಾ. ಕಾಗದ ತೂತು ಬಿದ್ದಿತ್ತು." ನಕ್ಕರು. ಹಾರವನ್ನು ಚೀಲದೊಳಗೆ ತುರುಕಿದರು. ಆಮೇಲೆ ನಗು ನಿಂತಿತು.

"ಬುಧವಾರ ಐದರತನಕಾ ನಿನ್ನ ಹಾದಿ ನೋಡಿದ್ನೆಪಾ. ಬರ್ತಿ ಅಂತ ತಿಳಿದಿದ್ದೆ."

ಬಸ್ಸು ಬಂತು. ಅವರು ಹತ್ತಿದರು.