ರಿಂಗ್ ನುಸುಳುವ ಹೊಲಿಗೆ

ಅವನ ಹೊಲಿಗೆಯ ಮೇಲೆ ಕೊಡಗಟ್ಟಲೆ ನೀರು ಸುರಿದರೂ ಒಂದು ಹನಿ ಒಳಗಿಳಿಯುತ್ತಿರಲಿಲ್ಲ. ಇಪ್ಪತ್ತೆಂಟು ವರ್ಷ ಮಳೆಕೋಟು ಹೊಲಿದ ಕೈ. ಅಂಥ ದರ್ಜಿ ಹೊಲಿದ ಚೀಲದೊಳಗೆ ಮೂರು ದಿನದಿಂದ ಮೊಬೈಲ್ ಬಡಿದುಕೊಳ್ಳುತ್ತಿತ್ತು.

ಹೊಸ ಕಾರ್ಖಾನೆಯ ಬಟ್ಟೆಯೇ ವಿಚಿತ್ರ. ಒಂದು ಮೈ ರಬ್ಬರು, ಇನ್ನೊಂದಕ್ಕೆ ಬೆಳ್ಳಿಯಂತೆ ಹೊಳೆಯುವ ಲೋಹದ ಲೇಪ. ಹೇಗೆ ಮಡಚಿದರೂ ಬಿರಿಯದು. ಹೊರಗಿನ ಮೊಬೈಲು, ಮೋಟಾರುಗಳ ಅಲೆ ತಾಗಿ ಆಸ್ಪತ್ರೆಯ ಯಂತ್ರಗಳು ಅಡ್ಡಾದಿಡ್ಡಿ ತೋರಿಸಬಾರದೆಂದು ಇದರ ಗವಸು ಹೊದಿಸುತ್ತಾರಂತೆ. ಗವಸಿಗೆ ಕೈಹಾಕುವ ಮೊದಲು ಒಂದು ಚೀಲ ಹೊಲಿದು ತೋರಿಸಬೇಕು. ತಪಾಸಣೆಯ ಮೇಡಂ ಅದರೊಳಗೆ ಮೊಬೈಲ್ ಇಟ್ಟು, ಬಾಯಿ ಸುತ್ತಿ ಕ್ಲಿಪ್ ಹಾಕಿ, ಕರೆ ಮಾಡುತ್ತಾರೆ. ರಿಂಗಾದರೆ ಚೀಲ ದಂಡ. ನಾಲ್ಕನೆಯದೂ ರಿಂಗಾದರೆ ಹೊಲಿಗೆ ಯಂತ್ರ ಬಿಟ್ಟು ಡಬ್ಬ ಕಟ್ಟಲು ಹೋಗಬೇಕೆಂದು ಹೇಳಿಯಾಗಿತ್ತು.

ಅದಕ್ಕಿಂತ ಉರಿಸಿದ್ದು ಪಕ್ಕದ ಯಂತ್ರದ ಷಡ್ಡಕ, ಹೆಂಡತಿಯ ತಂಗಿಯ ಗಂಡ. ನೆಟ್ಟಗೆ ಒಂದು ಗೆರೆ ಹೊಲಿಯಲು ಬಾರದವನು. ಅವನ ಹೊಲಿಗೆ ಹಾವು ಹರಿದ ಹಾಗಿತ್ತು, ಚೀಲ ಮಾತ್ರ ಉಸಿರೆತ್ತಲಿಲ್ಲ.

"ಅಣ್ಣ, ನಿನ್ನ ಚೀಲದ ಕಂಠ ಚೆನ್ನಾಗಿದೆ," ಎಂದ.

"ಬಾಯಿ ಮುಚ್ಕೊಂಡು ಹೊಲಿ."

ಎರಡನೆಯದಕ್ಕೆ ಜೋಡಿ ಹೊಲಿಗೆ ಹಾಕಿದ್ದ, ಮೂರನೆಯದಕ್ಕೆ ಅಂಟು ಮೆತ್ತಿದ್ದ. ನೀರೇ ನುಸುಳದ ಕಡೆ ಈ ಹಾಳು ರಿಂಗ್ ಹೇಗೆ ನುಸುಳುತ್ತದೆ? ತಲೆಬುಡ ತಿಳಿಯದೆ, ಕೊನೆಗೆ ಮಾನ ಬಿಟ್ಟು ಷಡ್ಡಕನ ಚೀಲ ಎಳೆದುಕೊಂಡು ಹೊಲಿಗೆ ಬಿಚ್ಚಿದ. ಎರಡು ತುಂಡುಗಳ ಬೆಳ್ಳಿ ಮೈಗಳು ಎದುರುಬದುರಾಗಿ ಒಂದಕ್ಕೊಂದು ಒತ್ತಿಕೊಂಡಿದ್ದವು, ಅಷ್ಟೇ. ಇವನೋ ಮಳೆಕೋಟಿನ ರೂಢಿಯಂತೆ ನಡುವೆ ತೆಳ್ಳನೆಯ ರಬ್ಬರ್ ಪಟ್ಟಿ ಇಟ್ಟು ಹೊಲಿಯುತ್ತಿದ್ದ.

ಹಲ್ಲು ಕಚ್ಚಿ, ಪಟ್ಟಿ ಬಿಟ್ಟು, ನಾಲ್ಕನೆಯದನ್ನು ಹೊಲಿದ. ಪಟ್ಟಿಯಿಲ್ಲದ ಹೊಲಿಗೆ ಕೊಡುವಾಗ ನಾಚಿಕೆಯಾಯಿತು.

ಮೇಡಂ ಕರೆ ಮಾಡಿದರು. ಚೀಲ ಸುಮ್ಮನಿತ್ತು. ಮತ್ತೆ ಮಾಡಿದರು. ಆಗಲೂ ಸುಮ್ಮನೆ.

"ಬೆಳ್ಳಿಗೆ ಬೆಳ್ಳಿ ತಾಗಿರ್ಬೇಕು. ನಡುವೆ ರಬ್ಬರ್ ಬಂದ್ರೆ ಅಲೆಗೆ ಅದೇ ಬಾಗಿಲು," ಎಂದರು.

"ಮೊದ್ಲೇ ಹೇಳೋಕೇನಾಗಿತ್ತು?" ಎಂದು ಸಿಡಿದ.

"'ಹೊಲಿಗೆ ನನಗೆ ಹೇಳಿಕೊಡಬೇಡಿ' ಅಂದಿದ್ರಲ್ಲ ನೀವು."

ಯಂತ್ರ ಉಳಿಯಿತು. ಆದರೂ ಊಟದ ಹೊತ್ತಿನಲ್ಲಿ ಅವನು ಗೆದ್ದ ಚೀಲಕ್ಕೆ ಒಂದು ಲೋಟ ನೀರು ಹೊಯ್ದು ನೋಡಿದ. ಹೊಲಿಗೆಯುದ್ದಕ್ಕೂ ಸೋರಿ ಪ್ಯಾಂಟು ಒದ್ದೆಯಾಯಿತು. ಸೋರುವ ಚೀಲ ಪಾಸು, ಸೋರದ್ದು ಫೇಲು! ಒದ್ದೆ ಪ್ಯಾಂಟಿನಲ್ಲೇ ಷಡ್ಡಕನ ಮುಂದೆ ನಿಂತು, ಇದೆಲ್ಲ ನಿನಗೆ ಮೊದಲೇ ಗೊತ್ತಿತ್ತೇನೋ ಎಂದು ಕೇಳಿದ.

"ಇಲ್ಲಣ್ಣ," ಎಂದ ಷಡ್ಡಕ. "ನಂಗೆ ಆ ಪಟ್ಟಿ ಇಡೋಕೇ ಬರಲ್ಲ."