ಕಂಡಕ್ಟರಮ್ಮ ಹಡಗು ಹತ್ತಿದ್ದು

ಬಸ್ಸಿನಲ್ಲಿ ಟಿಕೆಟ್ ಹರಿಯುತ್ತಲೇ ತಲೆ ನರೆತ ಹೆಂಗಸು ಆಕೆ. ನಿವೃತ್ತಿಯಾಗಿ ಎಷ್ಟೋ ವರ್ಷವಾದರೂ ನೆರೆಹೊರೆಗೆ ಇನ್ನೂ ಕಂಡಕ್ಟರಮ್ಮನೇ. ಕುಡುಕರನ್ನು ಕತ್ತಿನಪಟ್ಟಿ ಹಿಡಿದು ಇಳಿಸಿದ ಗಟ್ಟಿಗಿತ್ತಿ. ಆದರೆ ಕಣ್ಣಿಗೆ ಪೊರೆ ಬಂದು, ಡಾಕ್ಟರು ಆಪರೇಷನ್ ಎಂದಾಗ ಮಾತ್ರ ಜೀವ ಬಾಯಿಗೆ ಬಂದಿತ್ತು. ಅಂದಿನಿಂದ “ನೋಡೋಣ, ಈಗೇನ್ ಅವಸರ” ಎಂದು ಜಾರಿಕೊಳ್ಳುತ್ತಲೇ ಇದ್ದಳು.

ಸೊಸೆ ಔಷಧದಂಗಡಿಯಲ್ಲಿ ಕೆಲಸಕ್ಕಿದ್ದಳು. ಗ್ರಂಥಾಲಯದವರು ಆನ್‌ಲೈನಿನಲ್ಲಿ ನಡೆಸುವ ಓದುಗರ ಬಳಗಕ್ಕೂ ಸೇರಿದ್ದಳು. ಆಗ ಅಲ್ಲಿ ಓದುತ್ತಿದ್ದುದು ಹಳೆಯ ಕಾಲದ ಹೆಸರಾಂತ ಸಾಹಸ ಕಾದಂಬರಿ: ಒಬ್ಬ ನಾವಿಕ, ಬಿರುಗಾಳಿ, ಯಾರೂ ಕಾಣದ ದ್ವೀಪ. ಸಂಜೆ ಅಡುಗೆಮನೆಯ ಮೇಜಿನ ಬಳಿ ಸೊಸೆ ಗಟ್ಟಿಯಾಗಿ ಓದುವಳು. ಅತ್ತೆ ಬಟಾಣಿ ಸುಲಿಯುತ್ತ ಕಿವಿಗೊಡುವಳು.

ಸಭೆಯ ದಿನ ಪರದೆಯ ಮೇಲೆ ನಿವೃತ್ತ ಮೇಷ್ಟ್ರೊಬ್ಬರು ನಾವಿಕನ ಎದೆಗಾರಿಕೆಯನ್ನು ಹಾಡಿ ಹೊಗಳುತ್ತಿದ್ದರು. ಮರೆಯಲ್ಲಿ ಕೂತಿದ್ದ ಅತ್ತೆಗೆ ತಡೆಯಲಾಗಲಿಲ್ಲ.

“ಏನ್ ಎದೆಗಾರಿಕೇನೋ. ಕಟ್ಕೊಂಡೋಳಿಗೆ ಒಂದ್ ಮಾತು ಹೇಳ್ದೆ ಹೋಗಿದ್ದಾನೆ.”

ಮೈಕು ತೆರೆದೇ ಇತ್ತು. ಸೊಸೆ ನಾಲಿಗೆ ಕಚ್ಚಿಕೊಂಡಳು.

“ಯಾರದು ಮಾತಾಡಿದ್ದು?” ಎಂದಳು ಗ್ರಂಥಪಾಲಕಿ.

“ನಮ್ಮತ್ತೆ. ತಪ್ಪು ತಿಳ್ಕೋಬೇಡಿ.”

“ತಪ್ಪೇನು ಬಂತು? ಮುಂದೆ ಕೂರಿಸಿ ಅವರನ್ನ.”

ಮೇಷ್ಟ್ರೂ ಸುಮ್ಮನಿರುವ ಆಸಾಮಿಯಲ್ಲ. “ಹೇಳಿದ್ರೆ ಅವಳು ಬಿಡ್ತಿದ್ಲಾ ತಾಯಿ? ಇವನು ಹೊರಡ್ದಿದ್ರೆ ಕತೆ ಎಲ್ಲಿಂದ ಬರ್ತಿತ್ತು?”

“ಕತೆ ಬರ್ಲಿ ಅಂತ ಯಾರಾದ್ರೂ ಮನೆ ಬಿಡ್ತಾರಾ?”

ಇಬ್ಬರೂ ಪಟ್ಟು ಸಡಿಲಿಸಲಿಲ್ಲ. ಉಳಿದವರು ಮೂಗಿನ ಮೇಲೆ ಬೆರಳಿಟ್ಟು ಕೇಳಿದರು. ಅಂದು ಕಂಡಕ್ಟರಮ್ಮ ಎರಡು ತುತ್ತು ಹೆಚ್ಚೇ ಉಂಡಳು. ಇಷ್ಟು ಚೆನ್ನಾಗಿ ಜಗಳವಾಡಿ ಎಷ್ಟು ಕಾಲವಾಗಿತ್ತೋ.

ಅಷ್ಟರಲ್ಲಿ ನೆಗಡಿಯಾಗಿ ಸೊಸೆಯ ಗಂಟಲು ಕಟ್ಟಿತು. ಹಡಗು ಒಡೆದು, ನಾವಿಕ ಹಲಗೆ ತಬ್ಬಿಕೊಂಡು ನಡುಗಡಲಿನಲ್ಲಿ ತೇಲುತ್ತಿದ್ದ. ಓದು ಅಲ್ಲಿಗೇ ನಿಂತಿತು. ಮಗನ ಕೈಗೆ ಪುಸ್ತಕ ಕೊಟ್ಟರೆ ಅವನು ವಿದ್ಯುತ್ ಬಿಲ್ ಓದಿದಂತೆ ಓದಿ, ಆಕಳಿಸಿ ಎದ್ದುಹೋದ. ಕಂಡಕ್ಟರಮ್ಮ ತಾನೇ ಕಣ್ಣಿಗೆ ಹಿಡಿದು ನೋಡಿದರೆ ಅಕ್ಷರವೆಲ್ಲ ಮಂಜು. ಒಂದು ಬೆಳಿಗ್ಗೆ ಸೊಸೆಯನ್ನು ಕರೆದು, “ಆ ಕಣ್ಣಿನ ಡಾಕ್ಟ್ರನ್ನ ಕೇಳು, ಯಾವತ್ತು ಬರ್ಬೇಕು ಅಂತ” ಎಂದಳು. ದನಿ ಹೊರಡದ ಸೊಸೆ ಅತ್ತೆಯ ಕೈ ಹಿಡಿದು ನಕ್ಕಳು.

ಸುದ್ದಿ ಬಳಗಕ್ಕೂ ಮುಟ್ಟಿತು. “ಅವರು ಓದಿ ಮುಗಿಸೋವರೆಗೂ ಕೊನೆ ಬಗ್ಗೆ ಯಾರೂ ಬಾಯಿ ಬಿಡಬಾರ್ದು” ಎಂದು ಮೇಷ್ಟ್ರೇ ಕಟ್ಟಪ್ಪಣೆ ಮಾಡಿದರು.

ಒಂದು ಕಣ್ಣಿನ ಆಪರೇಷನ್ ಆಕೆ ಹೆದರಿದ್ದಕ್ಕಿಂತ ಸಲೀಸಾಗಿ ಮುಗಿಯಿತು. ಓದಬಹುದೆಂದು ಡಾಕ್ಟರು ಹೇಳಿದ್ದೇ ತಡ, ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡಳು. ಒಗೆದ ಬಟ್ಟೆ ಬಕೆಟ್ಟಿನಲ್ಲೇ ಉಳಿಯಿತು. ನಾವಿಕ ಮನೆ ಸೇರಿದಾಗ ಪುಸ್ತಕವನ್ನು ಮಡಿಲಲ್ಲಿಟ್ಟು ಸ್ವಲ್ಪ ಹೊತ್ತು ಹೊರಗೆ ನೋಡಿದಳು. ಎದುರುಮನೆಯ ತಾರಸಿಯ ಪಾರಿವಾಳಗಳು ಒಂದೊಂದೂ ಬೇರೆಬೇರೆಯಾಗಿ ಕಂಡವು.

“ಈಗೇನಂತೀರಿ?” ಎಂದರು ಮೇಷ್ಟ್ರು ಸಭೆಯಲ್ಲಿ.

“ಹೋಗಿದ್ದು ಸರಿ ಅಂತ ಇಟ್ಕೊಳ್ಳಿ. ಅವಳನ್ನೂ ಹತ್ತಿಸ್ಕೊಂಡು ಹೋಗ್ಬೇಕಿತ್ತು. ಹಡಗಲ್ಲಿ ಜಾಗ ಇರ್ಲಿಲ್ವಾ?”

ಮೇಷ್ಟ್ರು ಮತ್ತೆ ಶುರುಹಚ್ಚಿಕೊಂಡರು. ಮುಂದಿನ ಪುಸ್ತಕ ಹಿಮದ ನಾಡಿನ ಯಾತ್ರೆ, ಇದಕ್ಕಿಂತ ದಪ್ಪ. ಇನ್ನೊಂದು ಕಣ್ಣನ್ನೂ ಬೇಗ ಮಾಡಿಬಿಡಿ ಎಂದು ಡಾಕ್ಟರಿಗೆ ಕಂಡಕ್ಟರಮ್ಮನೇ ಫೋನು ಮಾಡಿದಳು.