ಹೆಸರಿನ ಕಾರ್ಡು

ಆಂಡಾಳ್ ಮದ್ದೂರಿನ ಮೇಷ್ಟರ ಮಗಳು. ೧೯೭೬ರಲ್ಲಿ ಮಂಡ್ಯದ ಕಂಪ್ಯೂಟರ್ ಕೋಣೆಯಲ್ಲಿ ನಾವಿಬ್ಬರೂ ಪಕ್ಕಪಕ್ಕದಲ್ಲೇ ಕೂತು ಕಾರ್ಡುಗಳಿಗೆ ತೂತು ಹೊಡೆಯುತ್ತಿದ್ದೆವು. ನಾನು ಹೊಳಲಿನಿಂದ ಬಸ್ಸಿನಲ್ಲಿ ಜೋತಾಡಿಕೊಂಡು ಬರುವವಳು. ಕೈ ಅವಳಿಗಿಂತ ನನ್ನದೇ ಚುರುಕು. ಆದರೂ ಸಾಹೇಬರ ಬಾಯಲ್ಲಿ ಸದಾ ಆಂಡಾಳ್, ಆಂಡಾಳ್! ನನಗೆ ಮೈಯೆಲ್ಲ ಉರಿಯುತ್ತಿತ್ತು, ಸುಳ್ಳೇಕೆ ಹೇಳಲಿ?

ಊಟದ ಬಿಡುವಿನಲ್ಲಿ ಪುಸ್ತಕ ಓದಿ ಓದಿ ಅವಳೊಂದು ಪ್ರೋಗ್ರಾಂ ಬರೆದಳು. ಯಾವ ಗದ್ದೆಯ ಕಬ್ಬನ್ನು ಯಾವಾಗ ಕಡಿಯಬೇಕೆಂದು ಅದು ಹೇಳುತ್ತಿತ್ತು. ಕಬ್ಬು ಎಷ್ಟು ತಿಂಗಳಿಗೆ ಬಲಿಯುತ್ತದೆ ಎಂಬುದನ್ನೆಲ್ಲ ಕಬ್ಬು ಬೆಳೆಯುವವರ ಮನೆಯ ನನ್ನ ತಲೆ ತಿಂದು ಕೇಳಿಕೊಂಡಿದ್ದಳು. ಮಳವಳ್ಳಿ ಕಡೆಯ ಕಾರ್ಖಾನೆಯವರು ಅದನ್ನು ತರಿಸಿಕೊಳ್ಳಲು ಮುಂದಾದರು. ಚೆನ್ನಾಗಿದ್ದರೆ ಬರೆದವರಿಗೆ ಅಲ್ಲೇ ದೊಡ್ಡ ಕೆಲಸವಂತೆ.

ಅವರ ಯಂತ್ರ ಬೇರೆ ಜಾತಿಯದು. ಆದ್ದರಿಂದ ಆಂಡಾಳ್ ಬರೆದದ್ದನ್ನು ಬರೆದ ಹಾಗೆಯೇ ಕಾರ್ಡುಗಳಲ್ಲಿ ಕಳಿಸಬೇಕು. ಅಲ್ಲಿನ ಯಂತ್ರ ತಾನಾಗಿಯೇ ಅದನ್ನು ತನ್ನ ಭಾಷೆಗೆ ತಿರುಗಿಸಿಕೊಂಡು ಕೆಲಸ ಶುರುಮಾಡುತ್ತದೆ. ಮೊದಲ ಕಾರ್ಡು ಮಾತ್ರ ಬರೆದವರ ಹೆಸರಿನದು. ಯಂತ್ರಕ್ಕೆ ಅದು ಬೇಕಿಲ್ಲ, ಕಾಗದದಲ್ಲಿ ಅಚ್ಚಾದಾಗ ಜನ ಓದಲಿ ಎಂದು ಇಡುವುದು.

ಕಾರ್ಡುಗಳನ್ನು ಡಬ್ಬಕ್ಕೆ ತುಂಬಿ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ನಮ್ಮ ಯಂತ್ರ ತೂತು ಹೊಡೆಯುತ್ತಿತ್ತೇ ಹೊರತು ಅಕ್ಷರ ಮೂಡಿಸುತ್ತಿರಲಿಲ್ಲ. ಹೆಸರಿನ ಕಾರ್ಡನ್ನು ಬೆಳಕಿಗೆ ಹಿಡಿದು, ತೂತುಗಳನ್ನು ನೋಡಿ ಮೊದಲ ಐದು ಇಂಗ್ಲಿಷ್ ಅಕ್ಷರ ಲೆಕ್ಕ ಹಾಕಿದೆ: ಆಂಡಾಳ್. ಮುಂದೆ ಓದುವ ತಾಳ್ಮೆ ಯಾರಿಗಿತ್ತು! ನಾಲ್ಕು ಚೂರು ಮಾಡಿ ಕಸದ ಬುಟ್ಟಿಗೆ ಹಾಕಿದೆ. ಉಳಿದ ಕಾರ್ಡುಗಳು ಮಳವಳ್ಳಿ ಬಸ್ಸು ಹತ್ತಿದವು.

ಅಲ್ಲಿ ಪ್ರೋಗ್ರಾಂ ಒಂದೇ ಏಟಿಗೆ ಓಡಿತು. ಬರೆದವರು ಯಾರೆಂದು ಅವರು ಕೇಳಿದರು. ಹೆಸರಿಲ್ಲದ್ದು ಸಾಹೇಬರಿಗೆ ಅನುಕೂಲವೇ ಆಯಿತು. ಆಂಡಾಳನ್ನು ಹೊಗಳುವುದು ಬೇರೆ, ಸ್ವಂತ ಅಕ್ಕನ ಮಗ ಬೇರೆ. ಬರೆದವನು ಅವನೇ ಎಂದುಬಿಟ್ಟರು; ಆ ಪಾರ್ಥಸಾರಥಿ ಕೆಲಸಕ್ಕೆ ಹೋಗೇಬಿಟ್ಟ.

ನನಗೆ ಒಳಗೊಳಗೇ ಖುಷಿ. ಮೇಲೆ ಮಾತ್ರ, "ಓಗ್ಲಿ ಬುಡಮ್ಮಿ, ಅತ್ಕೊಂಡ್ ಕೂರ್ಬ್ಯಾಡ," ಎಂದು ಅವಳ ಬೆನ್ನು ಸವರಿದೆ.

"ನಂದು ಹೋದ್ರೆ ಹೋಗ್ಲಿ ಕಣೇ, ನಿಂದೂ ಹೋಯ್ತಲ್ಲ," ಎಂದು ಆಂಡಾಳ್ ಕಣ್ಣೊರೆಸಿಕೊಂಡಳು. "ಕಬ್ಬಿನ ವಿಷಯ ಎಲ್ಲಾ ನೀನೇ ಹೇಳಿಕೊಟ್ಟಿದ್ದು ಅಂತ ಕಾರ್ಡಲ್ಲಿ ನನ್ನ ಹೆಸರಾದ ಮೇಲೆ ಮಂಗಳಮ್ಮ ಅಂತ ನಿನ್ನ ಹೆಸರೂ ಹೊಡೆದಿದ್ದೆ. ಇಬ್ಬರನ್ನೂ ಕರೀತಾರೆ ಅಂದ್ಕೊಂಡಿದ್ದೆ."

ಸವರುತ್ತಿದ್ದ ಕೈ ಅಲ್ಲೇ ನಿಂತಿತು. ಕಾರ್ಡು ಹರಿದವಳು ನಾನೇ ಎಂದು ಬಾಯಿ ಬಿಡಲಿಲ್ಲ, ಇವತ್ತಿಗೂ ಬಿಟ್ಟಿಲ್ಲ. ಹಾಳಾದವಳು, ಒಳ್ಳೆಯತನದಲ್ಲೂ ನನಗಿಂತ ಮುಂದೆ! ಅದಕ್ಕೂ ನನ್ನ ಹೊಟ್ಟೆ ಉರಿಯಿತು.